ಅವಳದೇ ಬಣ್ಣ

"ಈ ಹುಡ್ಗಿ ಯಾರು ಹೇಳಿ!"

ಗೋದಾವರಿ ಫೋಟೊವನ್ನು ಮೇಜಿನ ಮೇಲೆ ಎಸೆದಳು. ಅಂಕೋಲೆಯ ತನ್ನ ಸ್ಟುಡಿಯೋದ ಬಾಗಿಲು ಹಾಕಲು ಎದ್ದಿದ್ದ ರೋಷನ ತಬ್ಬಿಬ್ಬಾದ.

"ನೀವೇ ಅಲ್ವಾ? ನಾನೇ ತೆಗೆದದ್ದು..."

"ನಾನಾ? ನಿನ್ನೆ ನೋಡೂಕೆ ಬಂದ ಹುಡ್ಗನ ಆಯಿ ನನ್ನ ಎದುರೇ ಹೇಳಿದ್ರು, ‘ಫೋಟೊದಲ್ಲಿದ್ದ ಹುಡ್ಗಿನ ಕರೀರಿ’ ಅಂತ!"

ಹೇಳುತ್ತಲೇ ಅವಳ ಸಿಟ್ಟೆಲ್ಲ ಸೋರಿಹೋಯಿತು. ಕಾರವಾರದ ಬಟ್ಟೆ ಅಂಗಡಿಯಲ್ಲಿ ಇಡೀ ದಿನ ನಿಂತು, ಬಸ್ಸಿನಲ್ಲೂ ನಿಂತೇ ಬಂದಿದ್ದಳು. ಇನ್ನು ಪಕ್ಕದ ಕೇಣಿ ಊರಿನ ಮನೆ ಮುಟ್ಟಬೇಕು. ನೋಡಿ ಹೋದವರಲ್ಲಿ ಇವರು ಎಷ್ಟನೆಯವರೋ... ಲೆಕ್ಕ ಇಡುವುದನ್ನೇ ಬಿಟ್ಟಿದ್ದಳು.

"ಫ್ಲ್ಯಾಶ್ ಆಟೋಮ್ಯಾಟಿಕ್‌ನಲ್ಲಿತ್ತು," ರೋಷನ ಮೆಲ್ಲಗೆ ಹೇಳಿದ. "ಹಿಂದೆ ಕಪ್ಪು ಪರದೆ. ಫ್ಲ್ಯಾಶು ಕತ್ತಲೆ ಅಂದ್ಕಂಡು ತಾನೇ ಬೆಳಕು ಜಾಸ್ತಿ ಚೆಲ್ತದೆ, ಮುಖ ಬೆಳ್ಳಗೆ ಬತ್ತದೆ. ಎಲ್ರಿಗೂ ಅದೇ ಬೇಕು. ನಾನೂ ಸುಮ್ನಿರ್ತೆ."

"ಬೇರೆ ದಾರಿ ಇಲ್ವಾ?"

"ಮ್ಯಾನ್ಯುವಲ್ ಇದೆ. ನೀವು ಎಷ್ಟು ದೂರ ಇದ್ದೀರಿ ನೋಡ್ಕಂಡು, ಬೆಳಕು ಎಷ್ಟು ಅಂತ ನಾನೇ ಇಡ್ಬೇಕು. ತಪ್ಪಿದ್ರೆ ಫಿಲ್ಮ್ ಹಾಳು. ಆದ್ರೆ ಇದ್ದ ಬಣ್ಣ ಬತ್ತದೆ."

"ಹಾಂಗೇ ತೆಗೀರಿ."

ಅವನು ಫ್ಲ್ಯಾಶಿನ ಗುಂಡಿ ತಿರುಗಿಸಿದ. ಹಿಂದೆ ಸರಿದ, ಮತ್ತೆ ಮುಂದೆ ಬಂದ. ಸ್ಟೂಲಿನ ಮೇಲೆ ಕೂತ ಅವಳಿಗೆ ಕಣ್ಣು ಎಳೆಯುತ್ತಿತ್ತು.

"ಸ್ವಲ್ಪ ನಗಿ."

"ಆಗೂದಿಲ್ಲ..."

"ಹಾಂಗಾರೆ ಬೇಡ. ಹೀಂಗೇ ಇರಿ."

ನಗು ಎಂದವರೇ ಎಲ್ಲರೂ! ಬೇಡ ಎಂದವನು ಇವನೊಬ್ಬನೇ...

ಫೋಟೊ ಬಂದಾಗ ಗೋದಾವರಿ ಬಹಳ ಹೊತ್ತು ನೋಡಿದಳು. ಕಪ್ಪು ಕೆನ್ನೆ, ದಣಿದ ಕಣ್ಣು. ಹೌದು, ಇದು ನಾನೇ!

"ಇದ್ನ ಯಾರ ಮನೆಗೆ ಕಳಸೂದು?" ಎಂದು ಅವಳ ತಾಯಿ ಹೊನ್ನಮ್ಮ ಅದನ್ನು ಬೆಳ್ಳಗೆ ಮಾಡಿಸಲು ಸ್ಟುಡಿಯೋಕ್ಕೆ ಒಯ್ದಳು. ಬರಿಗೈಯಲ್ಲಿ ವಾಪಸು ಬಂದಳು.

"ಬೆಳ್ಳಗೂ ಮಾಡೂದಿಲ್ಲಂತೆ, ಫೋಟೊನೂ ಕೊಡೂದಿಲ್ಲಂತೆ ಆ ಹುಡ್ಗ!"

ಯಾಕಿರಬಹುದು, ಗೋದಾವರಿ ಯೋಚಿಸಿದಳು. ಇಂಥ ಮುಖ ಹೊರಗೆ ಹೋದರೆ ಸ್ಟುಡಿಯೋದ ಹೆಸರು ಕೆಡುತ್ತದೆಂದೋ? ಇವನೂ ಎಲ್ಲರಂತೆಯೇ...

ಮರುದಿನ ಸಂಜೆ ಅವನ ಬಾಗಿಲಲ್ಲಿ ನಿಂತಳು.

"ನಿಮ್ಗೂ ನಾಚ್ಕೆ ಆಯ್ತಾ?"

ಆ ದನಿಯಲ್ಲಿ ಸಿಟ್ಟು ಸಹ ಉಳಿದಿರಲಿಲ್ಲ. ರೋಷನನಿಗೆ ಅದೇ ಹೆಚ್ಚು ನೋವಾಯಿತು.

"ಅಯ್ಯೋ, ಅಲ್ಲ!" ಅವನು ಫೋಟೊ ತೆಗೆದು ಅವಳ ಕೈಗಿಟ್ಟ. "ನಿಮ್ದು, ತಕಳಿ. ಕೇಳ್ದೆ ಇಟ್ಕಂಡದ್ದು ತಪ್ಪೇ. ಆದ್ರೆ... ಇದ್ನ ಯಾರ ಮನೆಗೂ ಕಳಸ್ಬೇಡಿ."

"ಯಾಕೆ?"

"ನಾನೇ ನಿಮ್ಮನ್ನ ಕೇಳ್ಬೇಕು ಅಂತಿದ್ದೆ... ಧೈರ್ಯ ಸಾಲ್ಲಿಲ್ಲ."

ಅವಳು ಬೆಂಚಿನ ಮೇಲೆ ಕುಸಿದು ಕೂತಳು. ಕಣ್ಣೀರು ಇಳಿಯಿತು. ಒರೆಸಿಕೊಳ್ಳಲೂ ತ್ರಾಣವಿರಲಿಲ್ಲ.

"ಫೋಟೊ ನೋಡಿ ಒಪ್ಪಿದ್ರಾ?"

"ನಿಮ್ಮನ್ನ ನೋಡಿ. ಫೋಟೊ ಆಮೇಲೆ ತೆಗೆದದ್ದು."

ಎಷ್ಟೋ ದಿನಗಳ ಮೇಲೆ ಅವಳ ತುಟಿ ತಾನಾಗಿ ಅರಳಿತು.

"ಈಗ್ಲೇ ಬರ್ಲಾ? ನಿಮ್ಮಾಯಿ ಹತ್ರ ಮಾತಾಡ್ತೆ."

"ಇವತ್ತು ಬೇಡ... ಕಾಲು ಸೋತಿದೆ, ನಿದ್ದೆ ಬತ್ತದೆ. ನಾಳೆ ಬಾ."

‘ಬನ್ನಿ’ ಅನ್ನಲಿಲ್ಲ ಅವಳು... ‘ಬಾ’ ಅಂದಳು!

"ಬತ್ತೆ ಗೋದಾವರಿ. ನೀ ಹೋಗಿ ಮಲ್ಕೊ."