ಅತ್ತೆ ಕೊಡುತ್ತಿದ್ದ ಶಾಖ

"ಗಿರಾಕಿಯ ಅಂಗಿ ಪಕ್ಕಕ್ಕೆ ತೆಗಿಯೇ ಮೊದಲು!" ಎಂದು ಅತ್ತೆ ಕಿರುಚಿದರು.

ಇಸ್ತ್ರಿ ಅಂಗಡಿಯ ಮೇಜಿನ ಕೆಳಗೆ ಸೊಸೆಯ ಬಲಪಾದ ರಕ್ತದಲ್ಲಿ ನೆನೆದಿತ್ತು. ಹಿಮ್ಮಡಿಯ ಮೇಲೆ ಸುರುಳಿ ಸುತ್ತಿಕೊಂಡು ಉಬ್ಬಿದ್ದ ರಕ್ತನಾಳ, ನೋವೇ ಇಲ್ಲದೆ ಒಡೆದಿತ್ತು. ಅವಳು ಬಿಳಿ ಅಂಗಿಯನ್ನು ಪಕ್ಕಕ್ಕಿಟ್ಟಳು, ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು, ಆಮೇಲೆ ಕುಸಿದು ಕುಳಿತಳು. ಅಷ್ಟರಲ್ಲಿ ಅತ್ತೆ ಅವಳ ಕಾಲೆತ್ತಿ, ಮಡಿಸಿದ ಬಟ್ಟೆಯಿಂದ ಗಾಯ ಒತ್ತಿ ಹಿಡಿದಿದ್ದರು. ಬಾಯಿ ಮಾತ್ರ ನಿಂತಿರಲಿಲ್ಲ. "ನಾನೂ ಇದೇ ಮೇಜಿನ ಮುಂದೆ ಜನ್ಮ ಸವೆಸ್ದೆ. ನನಗಿಲ್ಲದ ರೋಗ ಇವಳಿಗೆ!"

ಆ ಬಾಯಿಗೆ ಸೊಸೆ ಎಂದೋ ಒಗ್ಗಿದ್ದಳು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ಗಂಡ ಬಟ್ಟೆಗಂಟು ಹೊತ್ತು ಮನೆಮನೆ ಸುತ್ತಿ ಬಂದು, ಉಂಡು ಮಲಗುವವನು. ಆದರೆ ಪ್ರತಿ ಸಂಜೆ ಅಂಗಡಿ ಮುಚ್ಚಿದ ಮೇಲೆ ಅತ್ತೆ ಅವಳ ಕಾಲನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಒದ್ದೆ ಬಟ್ಟೆಯನ್ನು ಇಸ್ತ್ರಿಪೆಟ್ಟಿಗೆಗೆ ಒತ್ತಿ ಕಾಯಿಸಿ ಶಾಖ ಕೊಡುತ್ತಿದ್ದರು. ಅಷ್ಟು ಹೊತ್ತು ಬೈಗುಳವಿಲ್ಲ! ಶಾಖದ ನಂತರ ಕಾಲು ಇನ್ನಷ್ಟು ಬೀಗಿ ಸಿಡಿಯುತ್ತಿತ್ತು. ಸೊಸೆ ಹೇಳಲಿಲ್ಲ. ಹೇಳಿದರೆ ಆ ಕೈ ಹಿಂದೆ ಸರಿದುಬಿಟ್ಟರೆ...

ರಕ್ತ ನಿಂತಿತು. ಮರುದಿನ ಇಬ್ಬರೂ ಕ್ಲಿನಿಕ್ಕಿಗೆ ಹೋದರು. ಡಾಕ್ಟರಮ್ಮ ಸೊಸೆಯನ್ನು ನಿಲ್ಲಿಸಿಯೇ ಸ್ಕ್ಯಾನ್ ಮಾಡಿದರು. ಮೀನಖಂಡ ಹಿಸುಕಿ ಬಿಟ್ಟರು. ಪರದೆಯಲ್ಲಿ ನೀಲಿಯಾಗಿ ಏರಿದ್ದು ಕೆಂಪಾಗಿ ಜಾರಿತು.

"ಮೇಲೆ ಹೋದ ರಕ್ತ ವಾಪಸ್ ಬರ್ತಿದೆ. ರಕ್ತದ ನರದೊಳಗಿನ ಕವಾಟ ಮುಚ್ತಿಲ್ಲ. ಮನೇಲಿ ಏನಾದ್ರೂ ಮಾಡ್ತಿದ್ರಾ?"

"ಶಾಖ," ಎಂದರು ಅತ್ತೆ ಹೆಮ್ಮೆಯಿಂದ. "ಒಂದು ಸಂಜೆನೂ ತಪ್ಪಿಸಿಲ್ಲ."

"ನಿಲ್ಲಿಸಿ ಅಮ್ಮ. ಬಿಸಿಗೆ ನರ ಇನ್ನೂ ಹಿಗ್ಗುತ್ತೆ."

ಅತ್ತೆ ಸೊಸೆಯತ್ತ ತಿರುಗಿದರು. "ನೋವಾಗ್ತಿತ್ತೇನೇ?"

ಸೊಸೆ ತಲೆ ತಗ್ಗಿಸಿದಳು.

"ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಅಯ್ಯೋ... ಕೈಯಾರೆ ನಿನ್ನ ಕಾಲು ಕೆಡಿಸ್ಬಿಟ್ಟೆನಲ್ಲೇ!"

"ನೀವು ನನ್ನ ಮುಟ್ತಿದ್ದಿದ್ದೇ ಅದೊಂದು ಹೊತ್ತು ಅತ್ತೆ..."



"ಕಾಯಿಲೆ ನಿಮ್ಮಿಂದ ಬಂದಿದ್ದಲ್ಲ," ಎಂದರು ಡಾಕ್ಟರಮ್ಮ. "ಮಂಡಿ ಹತ್ತಿರ ಮರಗಟ್ಟಿಸಿ, ಸೂಜಿ ಚುಚ್ಚಿ, ತೆಳು ನಳಿಕೆ ಬಿಡ್ತೀವಿ. ಸ್ಕ್ಯಾನ್ ನೋಡ್ಕೊಂಡೇ ಕೆಟ್ಟ ನರಾನ ಒಳಗಿಂದ ಕಾಯಿಸಿ ಮುಚ್ತೀವಿ. ರಕ್ತ ಬೇರೆ ಒಳ್ಳೆ ನರಗಳ ದಾರಿ ಹಿಡಿಯುತ್ತೆ."

"ಹೊರಗಿನ ಬಿಸಿಗೆ ಹಿಗ್ಗೋದು, ಒಳಗಿನ ಬಿಸಿಗೆ ಮುಚ್ಚುತ್ತಾ?" ಅತ್ತೆ ಕಣ್ಣೊರೆಸಿಕೊಂಡರು. "ಇರಬಹುದು. ಕೆಲವು ಬಟ್ಟೆಗೂ ಒಳಮೈ ತಿರುಗಿಸೇ ಇಸ್ತ್ರಿ ಹಾಕ್ಬೇಕು. ತಿಂಗಳುಗಟ್ಟಲೆ ಮಂಚ ಹಿಡೀತಾಳಾ?"

"ಅವತ್ತೇ ನಡ್ಕೊಂಡು ಮನೆಗೆ ಬರ್ತಾಳೆ. ಬಿಗಿ ಕಾಲುಚೀಲ ಹಾಕ್ಬೇಕು. ಗಂಟೆಗಟ್ಟಲೆ ಒಂದೇ ಕಡೆ ನಿಲ್ಲೋದು ಬೇಡ."

ಮುಂದಿನ ವಾರ ಹಾಗೆಯೇ ಆಯಿತು. ಸೊಸೆ ಎಚ್ಚರವಾಗಿಯೇ ಮಲಗಿದ್ದು, ಎದ್ದು, ತನ್ನ ಕಾಲಿನಲ್ಲೇ ಮನೆಗೆ ನಡೆದಳು. ಆ ಸಂಜೆ ಅತ್ತೆ ಹತ್ತಿರ ಸುಳಿಯಲಿಲ್ಲ. ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸೊಸೆಯ ಕಾಲು ಹಗುರಾಗಿತ್ತು, ಎದೆ ಮಾತ್ರ ಭಾರ... ಇನ್ನು ಮುಟ್ಟಲು ಕಾರಣವಾದರೂ ಏನಿದೆ?

ಕ್ಲಿನಿಕ್ಕಿನಲ್ಲಿ ಹಾಕಿದ್ದ ಬಿಗಿ ಕಾಲುಚೀಲವನ್ನು ತೆಗೆದು ತೊಳೆದು, ಮತ್ತೆ ತೊಡಬೇಕಾದ ಬೆಳಗ್ಗೆ ಅವಳು ಕಣ್ಣು ಬಿಟ್ಟಾಗ ಅತ್ತೆ ಹಾಸಿಗೆಯ ತುದಿಯಲ್ಲಿ ಕುಳಿತಿದ್ದರು.

"ಏಳ್ಬೇಡ. ಮಲಗಿದ್ದಾಗಲೇ ಹಾಕ್ಬೇಕಂತೆ." ಹಿಮ್ಮಡಿ ದಾಟಿಸುವಷ್ಟರಲ್ಲಿ ಅವರ ಹಣೆ ಬೆವೆತಿತು. "ಯಾವ ಪುಣ್ಯಾತ್ಮ ಹೊಲಿದನೋ! ಇಲಿ ಬಿಲದೊಳಗೆ ಆನೆ ತೂರಿಸಿದ ಹಾಗಾಯ್ತು."

"ಬಿಡಿ ಅತ್ತೆ, ನಾನೇ ಹಾಕ್ಕೋತೀನಿ."

"ಸುಮ್ನಿರು. ಗಂಟೆಗಟ್ಟಲೆ ನಿಲ್ಲೋ ಹಾಗಿಲ್ಲ ನೀನು; ಮಧ್ಯೆ ಮಧ್ಯೆ ನಾನು ನಿಲ್ತೀನಿ, ನೀನು ಓಡಾಡ್ಕೊಂಡು ಬಾ. ಮತ್ತೆ... ನೋವಾದ್ರೆ ಈ ಸಲ ಹೇಳು."

ಸೊಸೆ ಉಸಿರು ಬಿಗಿ ಹಿಡಿದಳು. "ಸ್ವಲ್ಪ... ನೋವಾಗ್ತಿದೆ ಅತ್ತೆ."

ಕೈ ನಿಂತಿತು. ಹಿಂದೆ ಸರಿಯಲಿಲ್ಲ. ಮಂಡಿಯ ಕೆಳಗೆ ಮಡಿಚಿಕೊಂಡಿದ್ದ ಕಾಲುಚೀಲದ ಸುಕ್ಕನ್ನು ಹೆಬ್ಬೆರಳಿನಿಂದ ನಿಧಾನವಾಗಿ, ಬಹಳ ನಿಧಾನವಾಗಿ ನೀವತೊಡಗಿತು.