ತಲೆಯಿಂದಲೇ ಎಣಿಸು ಎಂದ ಮಾಂತ್ರಿಕ

ಹಿಂದೊಂದು ಕಾಲದಲ್ಲಿ, ನೆಲದಡಿ ನೀರಿಗಿಂತ ಹೆಚ್ಚಾಗಿ ಎಣ್ಣೆ ಉಕ್ಕುತ್ತಿದ್ದ ಎಣ್ಣೆಗೆರೆ ಎಂಬ ರಾಜ್ಯವಿತ್ತು. ಅಲ್ಲಿ ಮೂರು ದೊಡ್ಡ ಬಾವಿಗಳು. ಆ ಬಾವಿಗಳ ಎಣ್ಣೆಯಿಂದಲೇ ಊರೂರಿನ ದೀಪ ಉರಿಯುತ್ತಿತ್ತು, ಮನೆಮನೆಯ ಒಲೆ ಹೊತ್ತುತ್ತಿತ್ತು. ದೊರೆ ಬಿಜ್ಜರಸ ಒಳ್ಳೆಯವನು, ಆದರೆ ಪುಕ್ಕಲ.

ಆ ರಾಜ್ಯಕ್ಕೆ ಅಂಜನಕನೆಂಬ ಮಾಂತ್ರಿಕ ಬಂದ. ಬಾವಿಗಳ ಎಣ್ಣೆಯನ್ನೆಲ್ಲ ಮಂತ್ರ ಹಾಕಿ ಎಬ್ಬಿಸಿ ಮೂರು ಸರ್ಪಗಳನ್ನು ಮಾಡಿದ. ಅವುಗಳ ಮೈಯೆಲ್ಲ ಇಂಗಾಲದ ಕರಿಗುಂಡುಗಳು. ಒಂದೊಂದು ಗುಂಡಿಗೂ ನಾಲ್ಕು ಕೈ. ಪಕ್ಕದ ಗುಂಡುಗಳನ್ನು ಹಿಡಿದು ಮಿಕ್ಕ ಕೈಗಳಲ್ಲಿ ಅವು ಜಲಜನಕದ ಬಿಳಿ ಹನಿಗಳನ್ನು ಹಿಡಿದಿದ್ದವು. ಸರ್ಪದ ಮೈಯಿಂದ ಅಲ್ಲಲ್ಲಿ ಕವಲುಗಳು ಒಡೆದಿದ್ದವು. ನಿಜವಾದ ಹೆಸರಿನಿಂದ ಕರೆದರೆ ಸರ್ಪ ಮತ್ತೆ ಎಣ್ಣೆಯಾಗುತ್ತಿತ್ತು. ತಪ್ಪು ಹೆಸರಿನಿಂದ ಕರೆದವರು ತಾವೇ ಕರಿಗುಂಡಾಗಿ ಸರ್ಪದ ಮೈಗೆ ಅಂಟಿಕೊಳ್ಳುತ್ತಿದ್ದರು.

ಅಂಜನಕ ಡಂಗುರ ಸಾರಿಸಿದ. “ಈ ರಾಜ್ಯದಲ್ಲಿ ಹೆಸರಿಡುವವನು ನಾನೊಬ್ಬನೇ. ನಾನು ಹೇಳಿದ್ದೇ ಹೆಸರು. ಬೇರೆ ಹೆಸರೆತ್ತಿದವರಿಗೆ ಸೆರೆಮನೆ.”

ದೊರೆಯ ಮಗ ಮಾಚರಸ ಆ ಮಾತನ್ನು ನಂಬಿ ಮೂರನೆಯ ಬಾವಿಗೆ ಹೋದ. ಅಂಜನಕ ಕಲಿಸಿದ ಹೆಸರಿನಿಂದಲೇ ಸರ್ಪವನ್ನು ಕರೆದ. ಮರಳಿ ಬರಲಿಲ್ಲ.

ಮಾಚರಸನ ತಂಗಿ ಕೇತಲೆ ಕತ್ತಲೆ ತುಂಬಿದ ಅರಮನೆಯಲ್ಲಿ ಅಪ್ಪನ ಎದುರು ನಿಂತಳು. “ಅಪ್ಪಾ, ಅವನು ಕೊಟ್ಟ ಹೆಸರು ನಿಜವಾಗಿದ್ದರೆ ಅಣ್ಣ ಯಾಕೆ ಗುಂಡಾದ?”

“ಮೆಲ್ಲಗೆ ಮಾತಾಡು ಮಗಳೇ,” ಎಂದ ದೊರೆ. “ಅವನ ಕಿವಿಗೆ ಬಿದ್ದೀತು.”

“ಬೀಳಲಿ!” ಎಂದಳು ಕೇತಲೆ.

ಅವಳು ನೇರವಾಗಿ ಸೆರೆಮನೆಗೆ ಹೋದಳು. ಅಲ್ಲಿ ಜಕ್ಕಬ್ಬೆ ಎಂಬ ಮುದುಕಿ ಇದ್ದಳು. ಮಾಂತ್ರಿಕ ಬರುವ ಮೊದಲು ಹೆಸರು ಕಟ್ಟುವ ವಿದ್ಯೆಯನ್ನು ಊರಿಗೆಲ್ಲ ಕಲಿಸುತ್ತಿದ್ದವಳು ಅವಳೇ. ಆ ತಪ್ಪಿಗೇ ಅವಳ ಕಾಲಿಗೆ ಬೇಡಿ ಬಿದ್ದಿತ್ತು.

“ಜಕ್ಕವ್ವಾ, ನನಗೂ ಕಲಿಸು.”

“ಕಲಿತರೆ ನಿನಗೂ ಬೇಡಿ ಬಿದ್ದೀತು.”

“ಬಿದ್ದರೆ ನಿನ್ನ ಪಕ್ಕದಲ್ಲೇ ಕೂರುತ್ತೇನೆ.”

ಮುದುಕಿ ನಕ್ಕಳು. “ಹಾಗಾದರೆ ಕೇಳು ಮಗಾ. ಹೆಸರು ಇಡುವವನ ಬಾಯಲ್ಲಿಲ್ಲ, ಸರ್ಪದ ಮೈಕಟ್ಟಿನಲ್ಲಿದೆ. ಎಲ್ಲಕ್ಕಿಂತ ಉದ್ದದ ಸಾಲು ಯಾವುದೆಂದು ಹುಡುಕು, ಅದೇ ಅದರ ಮೈ. ನಾಲ್ಕು ಗುಂಡಿದ್ದರೆ ಬ್ಯೂಟೇನ್, ಐದಿದ್ದರೆ ಪೆಂಟೇನ್, ಆರಿದ್ದರೆ ಹೆಕ್ಸೇನ್. ಮೈಗೆ ಸೇರದೆ ಹೊರಗೆ ಚಾಚಿದ್ದು ಕವಲು. ಒಂದೇ ಗುಂಡಿನ ಕವಲು ಮೀಥೈಲ್, ಎರಡರದ್ದು ಈಥೈಲ್. ಕವಲು ಯಾವ ತುದಿಗೆ ಹತ್ತಿರವೋ ಆ ತುದಿಯಿಂದ ಎಣಿಸಿ ಅದರ ಜಾಗದ ಅಂಕೆ ಹೇಳು. ಕವಲು ಬೇರೆ ಬೇರೆ ಇದ್ದರೆ ಅಕ್ಷರಮಾಲೆಯ ಸಾಲಿನಲ್ಲಿ ಹೇಳು. ಒಂದೇ ಬಗೆಯವು ಎರಡಿದ್ದರೆ ‘ಡೈ’ ಅನ್ನು. ಆ ‘ಡೈ’ ಬರೀ ಲೆಕ್ಕದ ಮಾತು, ಅಕ್ಷರದ ಸಾಲಿಗೆ ಬಾರದು. ಆದರೆ ಒಂದೊಂದು ಕವಲಿಗೂ ಅದರದ್ದೇ ಅಂಕೆ ಕೊಡಬೇಕು. ಒಂದನ್ನೂ ಬಿಡಬೇಡ.”

ಕೇತಲೆ ಅದನ್ನೆಲ್ಲ ಬಾಯಿಪಾಠ ಮಾಡಿಕೊಂಡು ಹೊರಟಳು. ಸುದ್ದಿ ಹಬ್ಬಿತು. ಜನ ಹಿಂದೆ ಹಿಂದೆ ಬಂದರು, ಆದರೆ ಯಾರೂ ತುಟಿ ಬಿಚ್ಚಲಿಲ್ಲ.

ಮೊದಲನೆಯ ಬಾವಿಯ ಬಳಿ ಅಂಜನಕ ಕರಿ ಕಂಬಳಿ ಹೊದ್ದು ನಿಂತಿದ್ದ. ಸರ್ಪ ಬಾವಿಕಟ್ಟೆಯ ಮೇಲೆ ಮಲಗಿತ್ತು. ನಾಲ್ಕು ಗುಂಡು ನೆಟ್ಟಗೆ ಒಂದು ಸಾಲಿನಲ್ಲಿದ್ದವು. ಎರಡನೆಯ ಗುಂಡಿನಿಂದ ಎರಡು ಗುಂಡಿನ ತುಂಡೊಂದು ಕೆಳಗೆ ಜೋತುಬಿದ್ದಿತ್ತು.

“ಮೈಗೆ ನಾಲ್ಕು ಗುಂಡು, ಕವಲಿಗೆ ಎರಡು,” ಎಂದ ಅಂಜನಕ. “ಎರಡು-ಈಥೈಲ್ ಬ್ಯೂಟೇನ್. ಹೇಳು!”

ಕೇತಲೆ ಬಗ್ಗಿ ನೋಡಿದಳು. ಜೋತುಬಿದ್ದ ತುಂಡಿನ ತುದಿಯಿಂದ ಬೆರಳಿಟ್ಟು ಎಣಿಸುತ್ತಾ ಮೇಲೆ ಬಂದು, ಅಲ್ಲಿ ತಿರುಗಿ ಸಾಲು ಉದ್ದವಿರುವ ಕಡೆಗೆ ಬೆರಳು ಸರಿಸಿದಳು. ಐದಾಯಿತು!

“ನೆಟ್ಟಗಿದ್ದದ್ದೇ ಮೈ ಎಂದು ಯಾರು ಹೇಳಿದರು? ಇದು ಮೈ ಮಡಚಿ ಮಲಗಿದೆ. ಮೈ ಐದು. ನಡುವಿನ ಮೂರನೆಯದಕ್ಕೆ ಒಂದೇ ಗುಂಡಿನ ಕವಲು. ಮೂರು-ಮೀಥೈಲ್ ಪೆಂಟೇನ್!”

ಸರ್ಪ ಕರಗಿ ಎಣ್ಣೆಯಾಗಿ ಬಾವಿಗೆ ಸುರಿಯಿತು. ಜನರ ಗುಂಪಿನಲ್ಲಿ ಪಿಸುಮಾತು ಎದ್ದಿತು.

ಎರಡನೆಯ ಬಾವಿಯ ಸರ್ಪ ಬುಸುಗುಟ್ಟುತ್ತಿತ್ತು. ಮೈಗೆ ಆರು ಗುಂಡು. ತಲೆಯಲ್ಲಿ ಕೆಂಡದಂಥ ಕಣ್ಣು. ತಲೆಯಿಂದ ಐದನೆಯ ಗುಂಡಿಗೆ ಒಂಟಿ ಗುಂಡಿನ ಕವಲು.

“ತಲೆಗೆ ಕೈಮುಗಿದು ತಲೆಯಿಂದಲೇ ಎಣಿಸು,” ಎಂದು ಅಂಜನಕ ಗುಡುಗಿದ. “ದೊಡ್ಡವರ ಕಡೆಯಿಂದ ಎಣಿಸುವುದೇ ಪದ್ಧತಿ. ಐದು-ಮೀಥೈಲ್ ಹೆಕ್ಸೇನ್!”

ಕೇತಲೆ ಸರ್ಪದ ತಲೆಗೆ ಬೆನ್ನು ತಿರುಗಿಸಿ ನಿಂತಳು. ಅದರ ಬಿಸಿ ಉಸಿರು ಅವಳ ಹೆರಳನ್ನು ಸುಟ್ಟಿತು.

“ತಲೆಗೆ ನಾನು ಹೆದರಬಹುದು, ಲೆಕ್ಕ ಹೆದರುವುದಿಲ್ಲ. ಕವಲು ಬಾಲಕ್ಕೆ ಹತ್ತಿರ. ಬಾಲದಿಂದಲೇ ಎಣಿಸುತ್ತೇನೆ. ಎರಡು-ಮೀಥೈಲ್ ಹೆಕ್ಸೇನ್!”

ಕೆಂಡದ ಕಣ್ಣು ನಂದಿತು. ಎಣ್ಣೆ ಧಾರೆಯಾಗಿ ಬಾವಿಗಿಳಿಯಿತು. ಈ ಸಲ ಗುಂಪಿನಲ್ಲಿ ಯಾರೋ ಹೆಂಗಸು ಜೋರಾಗಿಯೇ “ಭಲೇ!” ಎಂದಳು.

ಮೂರನೆಯ ಬಾವಿಯ ಸರ್ಪ ಎಲ್ಲಕ್ಕಿಂತ ಭೀಕರ. ಮೈ ಆರು ಗುಂಡು. ತಲೆಯಿಂದ ನಾಲ್ಕನೆಯದಕ್ಕೆ ಎರಡು ಗುಂಡಿನ ಕವಲು. ಎರಡನೆಯದಕ್ಕೆ, ಆ ಕಡೆ ಒಂದು, ಈ ಕಡೆ ಒಂದು, ಒಂಟಿ ಗುಂಡುಗಳು. ಅವುಗಳೊಳಗೆ ಎರಡು ಮುಖ ಮಸುಕಾಗಿ ಕಾಣುತ್ತಿದ್ದವು. ಒಂದು ಮಾಚರಸನದು. ಇನ್ನೊಂದು ಯಾರದೆಂದು ಕೇತಲೆಗೆ ತಿಳಿಯಲಿಲ್ಲ.

ಅಂಜನಕ ಈಗ ದನಿ ತಗ್ಗಿಸಿದ. “ರಾಜಕುಮಾರಿ, ನೀನು ಗೆದ್ದೆ ಅಂದುಕೋ. ನಿನ್ನ ಅಣ್ಣ ರಾಜಪುತ್ರ, ತಲೆಗೂ ಹತ್ತಿರದವನು. ಆ ಎರಡು ಗುಂಡಿನ ಕವಲಿಗಿಂತ ಅವನನ್ನೇ ಮೊದಲು ಕರೆ. ‘ಎರಡು’ ಎಂದು ಒಂದೇ ಸಲ ಅನ್ನು, ಅವನನ್ನು ಬಿಟ್ಟುಬಿಡುತ್ತೇನೆ. ಇನ್ನೊಬ್ಬ ಯಾವನೋ ಬುಟ್ಟಿ ಹೆಣೆಯುವವನು. ಅವನಿಗೊಂದು ಅಂಕೆ ಯಾಕೆ ದಂಡ?”

ಕೇತಲೆ ಅಣ್ಣನ ಮುಖ ನೋಡಿದಳು. ಒಂದೇ ಒಂದು ಮಾತು, ಅಣ್ಣ ಕೈಗೆ ಸಿಗುತ್ತಾನೆ. ಅಷ್ಟರಲ್ಲಿ ಇನ್ನೊಂದು ಗುಂಡಿನೊಳಗಿನ ಮುಖ ಕಣ್ಣು ಮುಚ್ಚಿಕೊಂಡಿತು, ತನ್ನನ್ನು ಯಾರೂ ಕರೆಯಲಾರರು ಎಂಬಂತೆ.

ಅವಳು ಜನರ ಕಡೆ ತಿರುಗಿ ಕೂಗಿದಳು. “ಇವರು ಯಾರು? ಇವರ ಮನೆಯವರು ಇಲ್ಲಿದ್ದಾರೆಯೇ?”

“ನನ್ನ ಗಂಡ, ತಾಯೀ!” ಎಂದು ಒಬ್ಬ ಹೆಂಗಸು ಮುಂದೆ ಬಂದಳು. “ಸೋವಣ್ಣ ಅಂತ.”

“ಕೇಳಿದೆಯಾ ಅಂಜನಕ?” ಎಂದಳು ಕೇತಲೆ. “ಒಂದೇ ಜಾಗದಲ್ಲಿ ಇಬ್ಬರಿದ್ದರೆ ಅಂಕೆಯೂ ಎರಡು ಸಲ. ಇನ್ನು ಮೊದಲು ಯಾರು ಎಂಬುದು. ಅದನ್ನು ಹೇಳುವುದು ಅಕ್ಷರ, ಅರಮನೆಯಲ್ಲ. ಮೀಥೈಲಿನ ‘ಮ’ಕ್ಕಿಂತ ಈಥೈಲಿನ ‘ಈ’ ಮುಂದೆ. ನಾಲ್ಕು-ಈಥೈಲ್-ಎರಡು, ಎರಡು-ಡೈಮೀಥೈಲ್ ಹೆಕ್ಸೇನ್!”

ಸರ್ಪ ಸಿಡಿಯಿತು. ಎಣ್ಣೆಯ ಅಲೆಯೊಂದು ಎದ್ದು ಬಾವಿಗೆ ಬಿತ್ತು. ಕಟ್ಟೆಯ ಮೇಲೆ ಮಾಚರಸ ಮತ್ತು ಸೋವಣ್ಣ ಕೆಮ್ಮುತ್ತಾ ಎದ್ದು ಕುಳಿತರು.

“ಸುಳ್ಳು! ಅದರ ಹೆಸರು ಬೇರೆ!” ಎಂದು ಅಂಜನಕ ಅರಚಿದ. “ಎಲ್ಲರೂ ನಾನು ಹೇಳಿದಂತೆ ಹೇಳಿ!”

ಯಾರೂ ಹೇಳಲಿಲ್ಲ. ಸೋವಣ್ಣನ ಹೆಂಡತಿ ಮೊದಲು ನಿಜವಾದ ಹೆಸರು ಕೂಗಿದಳು. ಆಮೇಲೆ ಗುಂಪೆಲ್ಲ ಕೂಗಿತು. ಒಂದೊಂದು ಕೂಗಿಗೂ ಅಂಜನಕ ಕುಗ್ಗಿದ, ಯಾಕೆಂದರೆ ಅವನ ಶಕ್ತಿಯೆಲ್ಲ ಜನ ಅವನ ಮಾತನ್ನು ಮರುನುಡಿಯುವುದರಲ್ಲೇ ಇತ್ತು. ಕೊನೆಗೆ ಅವನು ಹಿಡಿ ಮಸಿಯಾಗಿ ಉದುರಿದ. ಗಾಳಿ ಅದನ್ನೂ ಉಳಿಸಲಿಲ್ಲ.

ಬಿಜ್ಜರಸ ತಾನೇ ಸೆರೆಮನೆಗೆ ನಡೆದು ಹೋಗಿ ಜಕ್ಕಬ್ಬೆಯ ಬೇಡಿ ಬಿಚ್ಚಿದ. ಅವಳು ಹೆಸರು ಕಟ್ಟುವ ವಿದ್ಯೆಯನ್ನು ಈ ಸಲ ಊರ ನಡುವಿನ ಬಯಲಿನಲ್ಲಿ ಕುಳಿತು ಕಲಿಸಿದಳು. ದೊರೆಯೂ ನೆಲದ ಮೇಲೆ ಕುಳಿತು ಕಲಿತ. ಅವನು ಎಣಿಕೆ ತಪ್ಪಿದಾಗ ಪಕ್ಕದಲ್ಲಿ ಕುಳಿತವರು “ಸ್ವಾಮೀ, ಆ ತುದಿಯಿಂದ ಎಣಿಸಿ” ಎಂದು ಜೋರಾಗಿಯೇ ಹೇಳುತ್ತಿದ್ದರು. ಅವನು ನಕ್ಕು ತಿದ್ದಿಕೊಳ್ಳುತ್ತಿದ್ದ. ಹೀಗೆ ಎಣ್ಣೆಗೆರೆಯವರು ತಲೆಯೆತ್ತಿ ನಡೆಯುತ್ತಾ, ಯಾರಿಗೂ ದನಿ ತಗ್ಗಿಸದೆ, ಬಹುಕಾಲ ಸುಖವಾಗಿ ಬಾಳಿದರು.