ಕಸದ ಗಾಡಿಯ ಮಟ್ಟು

"ನಿಧಾನಕ್ಕೆ ಒತ್ತೋ! ಹಾರ್ಮೋನಿಯಂ ಕಿರುಚ್ತಾ ಐತೆ!" ಬಿಂದುಶ್ರೀ ಸ್ಟೂಲಿನ ಮೇಲಿಂದ ಕೂಗಿದಳು.

"ನಂಗೇನು ಇಲ್ಲಿ ಫ್ಯಾನ್ ಹಾಕವ್ರಾ? ಕೈ ಬಿದ್ದೋಗ್ತಾ ಐತೆ. ಬೇಗ ಮುಗ್ಸೇ," ಕೆಳಗಿನಿಂದ ಯುವರಾಜನ ದನಿ ಬಂತು.

ಅದು ತಾತನ ಕಾಲು ಹಾರ್ಮೋನಿಯಂ. ಮೇಜಿನಷ್ಟು ಎತ್ತರ. ಕೆಳಗಿರುವ ಎರಡು ಪೆಡಲ್ ತುಳಿಯುತ್ತಿದ್ದರೆ ಮಾತ್ರ ಸ್ವರ ಬರುತ್ತದೆ. ಬಿಂದುವಿನ ಕಾಲು ಅಲ್ಲಿಗೆ ಎಟುಕುತ್ತಿರಲಿಲ್ಲ. ಹಾಗಾಗಿ ಅವಳದೇ ಕ್ಲಾಸಿನ ಯುವರಾಜ ಕೆಳಗೆ ಕೂತು ಕೈಯಲ್ಲಿ ಒತ್ತುತ್ತಿದ್ದ.

ತಾತ ನಂದೀಶ್ವರಯ್ಯ ಎಂದರೆ ಮಧುಗಿರಿ, ಕೊರಟಗೆರೆ ಸುತ್ತಿನ ಊರುಗಳಿಗೆಲ್ಲ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಹಾಡುಗಳಿಗೆ ಮಟ್ಟು ಕಟ್ಟುವುದರಲ್ಲಿ ದೊಡ್ಡ ಹೆಸರು. ಶನಿವಾರ ಶಾಲೆಯಲ್ಲಿ ಅವರಿಗೆ ಸನ್ಮಾನ. "ತಾತನ ಮಟ್ಟುಗಳಲ್ಲಿ ಬೆಸ್ಟ್ ಯಾವುದೋ ಅದನ್ನ ನೀನೇ ನುಡಿಸ್ಬೇಕು," ಎಂದು ಹೆಡ್ ಮಿಸ್ ಹೇಳಿದ್ದರು.

ಬೆಸ್ಟ್ ಯಾವುದು? ತೊಂದರೆ ಅದೇ.

ತಮ್ಮ ಮೊಟ್ಟಮೊದಲ ಮಟ್ಟನ್ನು ತಾತ ಬಿಂದುವಿನಷ್ಟೇ ಚಿಕ್ಕವರಿದ್ದಾಗ ಕಟ್ಟಿದ್ದರು. ಚಿಕ್ಕದು, ಕುಣಿಕುಣಿದು ಓಡುವಂಥದ್ದು. ಊರಿಗೆಲ್ಲ ಬಾಯಿಪಾಠ. ಯಾಕೆಂದರೆ ಪಂಚಾಯ್ತಿಯ ಕಸದ ಗಾಡಿ ಓಡಿಸುವ ಶ್ರೀಲತಕ್ಕ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು ಗಾಡಿಯ ಸ್ಪೀಕರಿಗೆ ಹಾಕಿದ್ದಳು. ಅದು ಕೇಳಿಸಿದರೆ ಸಾಕು, ಮನೆಮನೆಯಿಂದ ಬಕೆಟ್ ಹೊರಗೆ ಬರುತ್ತಿತ್ತು.

ಹೋದ ವರ್ಷ ಕಟ್ಟಿದ್ದು ಬೇರೆಯೇ. ನಾಟಕದಲ್ಲಿ ಮಗನನ್ನು ಕಳೆದುಕೊಂಡ ರಾಜನ ಹಾಡಿನ ಮಟ್ಟು. ಅದನ್ನು ಕೇಳುವಾಗ ದೊಡ್ಡವರು ಸೆರಗಿನಲ್ಲಿ, ಟವೆಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ನುಡಿಸುವುದೂ ಕಷ್ಟ. ಬಿಂದುವಿನ ಬೆರಳುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು.

"ಕಸದ ಗಾಡೀದೇ ನುಡ್ಸೇ. ಈಸಿ ಐತೆ. ತಾತಂಗೆ ಹಾರದ ಜೊತೆ ಒಂದು ಪೊರಕೆನೂ ಕೊಟ್ಬುಡಾನ," ಎಂದ ಯುವರಾಜ.

"ಮುಚ್ಲಾ ಬಾಯಿ!"

ಬಿಂದು ಜಗಲಿಗೆ ಹೋದಳು. ತಾತ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ತಾತ, ನೀನೇ ಹೇಳು. ಯಾವ್ದು ಚೆನ್ನಾಗೈತೆ?"

"ನುಡ್ಸೋರು ಹೇಳ್ಬೇಕು ಕಣಮ್ಮ. ನನ್ನೇನ್ ಕೇಳ್ತೀಯ?"

"ಕಸದ ಗಾಡೀಗೆ ಹಾಕವ್ರಲ್ಲ, ನಿಂಗೆ ಬೇಜಾರಾಗಲ್ವಾ?"

"ಯಾಕ್ ಬೇಜಾರು? ದಿನಾ ಬೆಳಿಗ್ಗೆ ಊರೆಲ್ಲ ಎದ್ದು ಬರ್ತೈತೆ. ನನ್ ನಾಟಕಕ್ಕೆ ಅಷ್ಟು ಜನ ಎಲ್ಲವ್ರೆ?"

ತಾತನಿಗೆ ನಗು. ಬಿಂದುವಿಗೆ ನಗು ಬರಲಿಲ್ಲ. ಅದನ್ನು ನುಡಿಸಿದರೆ ವರ್ಷವಿಡೀ ತನ್ನ ಹೆಸರೇ 'ಕಸದ ಗಾಡಿ' ಆಗುತ್ತದೆ. ಬೇಡವೇ ಬೇಡ. ರಾಜನ ಹಾಡೇ ದೊಡ್ಡದು, ಅದೇ ಗಟ್ಟಿ.

ಶನಿವಾರ ತಾತ ಪೇಟ ಇಟ್ಟುಕೊಂಡು, ಶಾಲು ಹೊದ್ದು ಸ್ಟೇಜಿನಲ್ಲಿ ಕೂತರು. ಹಾರ್ಮೋನಿಯಂ ಕೆಳಗೆ ಯುವರಾಜ ಸೇರಿಕೊಂಡ. ಮುಂದೆ ಮೈಕ್.

ಬಿಂದು ಶುರು ಮಾಡಿದಳು. ಮೊದಲ ಭಾಗ ಚೆನ್ನಾಗಿ ಬಂತು. ಮಧ್ಯದಲ್ಲಿ ಬಹಳ ನಿಧಾನದ ಜಾಗವೊಂದಿದೆ. ಗ... ಪ... ಗ... ರಿ...

"ಅಕ್ಷೀ!"

ಯುವರಾಜನ ಸೀನಿಗೆ ಪೆಡಲ್ ದಡದಡ ಎಂದಿತು. ಹಾರ್ಮೋನಿಯಂ ಒಮ್ಮೆಲೇ ಜೋರಾಗಿ ಕೂಗಿತು. ಬಿಂದು ಬೆಚ್ಚಿದಳು, ಬೆರಳುಗಳು ಓಡತೊಡಗಿದವು. ಎಲ್ಲಿಗೆ ಓಡುತ್ತಿವೆ ಎಂದು ಅವಳಿಗೆ ತಿಳಿಯುವಷ್ಟರಲ್ಲಿ ಮೈಕಿನಿಂದ ಊರಿಗೆಲ್ಲ ಕಸದ ಗಾಡಿಯ ಮಟ್ಟು ಕೇಳಿಸಿಬಿಟ್ಟಿತ್ತು.

ಶಾಲೆಯ ಎದುರುಮನೆಯ ಚಿಕ್ಕಹನುಮಕ್ಕ ಬಕೆಟ್ ಹಿಡಿದು ಗೇಟಿನೊಳಗೆ ಓಡಿಬಂದಳು. "ಲೇ ಶ್ರೀಲತಾ, ನಿಲ್ಸೇ! ಬೆಳಿಗ್ಗೆನೇ ಬಂದ್ಹೋಗಿದ್ಯಲ್ಲ, ಮತ್ತೆ ಬಂದ್ಬುಟ್ಯಾ?"

ಅವಳ ಹಿಂದೆ ಇನ್ನೂ ಇಬ್ಬರು, ಎರಡು ಬಕೆಟ್.

ಇಡೀ ಶಾಲೆ ಗೊಳ್ಳೆಂದಿತು. ತಾತ ನಕ್ಕಿದ್ದಕ್ಕೆ ಪೇಟ ಕಣ್ಣಿಗೆ ಜಾರಿತು. ಬಿಂದುವಿನ ಕಿವಿ ಬಿಸಿಯಾಯಿತು, ಕಣ್ಣು ತುಂಬಿತು. ಇಳಿದು ಓಡಿಬಿಡೋಣ ಎಂದುಕೊಂಡಳು.

ಆದರೆ ಬೆರಳುಗಳು ಇನ್ನೂ ಅದೇ ಬಿಳಿ ಕೀಗಳ ಮೇಲಿದ್ದವು, ಕೆಳಗೆ ಯುವರಾಜ ಒತ್ತುತ್ತಲೇ ಇದ್ದ. ಗ, ಪ, ಗ, ರಿ, ಸ. ಬೇಗ ಒತ್ತಿದಳು. ಕಸದ ಗಾಡಿ. ಬಕೆಟ್. ನಿಧಾನಕ್ಕೆ ಒತ್ತಿದಳು.

ರಾಜ.

ಬಿಂದು ತಾತನ ಕಡೆ ತಿರುಗಿದಳು. ತಾತನ ನಗು ನಿಂತಿತ್ತು. ಅವರು ಅವಳ ಬೆರಳನ್ನೇ ನೋಡುತ್ತಿದ್ದರು.

"ತಾತ, ರಾಜನ ಹಾಡಿನೊಳಗೆ ಅದನ್ನೇ ಇಟ್ಟಿದ್ದೀಯಾ?"

"ನಾನಿಟ್ಟಿದ್ದಲ್ಲ ಕಣಮ್ಮ," ಎಂದರು ತಾತ ಮೆಲ್ಲಗೆ. "ಅದೇ ಬಂದು ಕೂತ್ಕಂತು."

ಬಿಂದು ಮೂಗೊರೆಸಿಕೊಂಡಳು. "ಯುವರಾಜ, ನಿಧಾನಕ್ಕೆ ಒತ್ತು."

ಅವಳು ರಾಜನ ಹಾಡನ್ನು ಮೊದಲಿಂದ ಹಿಡಿದಳು. ಚಿಕ್ಕಹನುಮಕ್ಕ ಬಕೆಟ್ ಕೆಳಗಿಟ್ಟು ಮಕ್ಕಳ ಪಕ್ಕ ಕೂತಳು. ನಗು ಒಂದೊಂದಾಗಿ ನಿಂತಿತು.

ಆ ಜಾಗ ಬಂದಾಗ ಬಿಂದು ಅವಸರ ಮಾಡಲಿಲ್ಲ. ಆ ಮೊದಲ ಮಟ್ಟು ಕಟ್ಟಿದ್ದ, ತನ್ನಷ್ಟೇ ಎತ್ತರದ ಒಬ್ಬ ಹುಡುಗ ಪಕ್ಕದಲ್ಲಿ ಬಂದು ನಿಂತಂತೆ ಅನ್ನಿಸಿತು. ಅವಳು ನುಡಿಸುತ್ತಲೇ ಸ್ಟೂಲಿನಲ್ಲಿ ಚೂರು ಜರುಗಿ ಅವನಿಗೆ ಜಾಗ ಬಿಟ್ಟಳು.